ಸಣ್ಣವ್ವನ ಒಂದು ತಾಸು

ಜಕ್ಕಲಿಯ ಸಣ್ಣವ್ವನಿಗೆ ಹೊಟ್ಟೆ ಕಟ್ಟಿ ಹದಿನೆಂಟು ವರ್ಷವಾಗಿತ್ತು. ನಸುಕಿನಲ್ಲಿ ನೀರಿನ ಚರಿಗೆ ಹಿಡಿದು, ಪಕ್ಕದ ಮನೆಯ ರಹಿಮತಬಿಯ ಜೊತೆ ಜಾಲಿಕಂಟಿಯ ಕಡೆಗೆ ಹೋದರೆ ಬರಲು ಒಂದು ತಾಸು. ವಾರದಲ್ಲಿ ಐದು ದಿನ ಬಂದ ದಾರಿಗೆ ಸುಂಕವಿಲ್ಲ. ಆದರೆ ಆ ತಾಸಿನಲ್ಲಿ ಇಬ್ಬರೂ ಊರನ್ನೆಲ್ಲ ಜಾಲಾಡಿ, ನಕ್ಕು, ಒಮ್ಮೊಮ್ಮೆ ಅತ್ತು, ಹಗುರಾಗುತ್ತಿದ್ದರು. ಐವರು ಗಂಡಸರು ಮತ್ತು ಒಬ್ಬ ಅತ್ತೆ ಇದ್ದ ಆ ಮನೆಯಲ್ಲಿ ಅವಳದು ಎನ್ನುವುದು ಅದೊಂದೇ ಇತ್ತು.

೨೦೦೮ರಲ್ಲಿ ಗಂಡ ದೇವಪ್ಪ ರೋಣದ ಚಹಾದಂಗಡಿಯಲ್ಲಿ ಪೇಪರು ಓದಿಬಂದ. ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರು ತಲೆಗೆ ಅಯಸ್ಕಾಂತ ಹಿಡಿದು ಮಲಬದ್ಧತೆ ಬಿಡಿಸುವ ಪ್ರಯೋಗ ನಡೆಸಿದ್ದರಂತೆ, ಅದೂ ಪುಕ್ಕಟೆ.

"ಹೊಟ್ಟಿ ಬ್ಯಾನಿಗೆ ತಲಿಗ್ಯಾಕೋ?" ಎಂದಳು ಅತ್ತೆ ಹೊನ್ನವ್ವ.

"ಯವ್ವಾ, ಹುಕುಂ ಎಲ್ಲಾ ತಲಿಯಿಂದನ ಬರತೈತಂತ."

ಆ ಮನೆಯಲ್ಲಿ ಹುಕುಂ ಎಲ್ಲಿಂದ ಬರುತ್ತದೆಂದು ಊರಿಗೇ ಗೊತ್ತಿತ್ತು. ಹೊನ್ನವ್ವ ಹೂಂ ಎಂದ ಮೇಲೆಯೇ ಗಂಡ ಹೆಂಡತಿ ಹುಬ್ಬಳ್ಳಿಯ ಬಸ್ಸು ಹತ್ತಿದರು.

ದವಾಖಾನೆಯಲ್ಲಿ ಡಾಕ್ಟರು ತಂತಿಯ ಸುರುಳಿಯೊಂದನ್ನು ಅವಳ ತಲೆಗೆ ಹಿಡಿದರು. ಟಕ್ ಎಂದಿತು. ಅವಳ ಹೆಬ್ಬೆರಳು ತಾನಾಗಿಯೇ ಕುಣಿಯಿತು.

"ತಲೆಯೊಳಗಿನ ಜಾಗಾ ಸಿಕ್ತು!" ಎಂದರು ಡಾಕ್ಟರು.

"ಹೆಬ್ಬಟ್ಟಿಗೆ ಏನಾಗೇತ್ರಿ ಸಾಹೇಬ್ರ? ಅದು ಚಲೋನ ಐತಿ!" ಎಂದು ದೇವಪ್ಪ ರೇಗಿದ.

ಹತ್ತು ದಿನ ಟಕ್ ಟಕ್ ಆದ ಮೇಲೆ ಊರಿಗೆ ಬಂದರು. ಯಂತ್ರದ ಮಹಿಮೆಯೋ, ಹತ್ತು ದಿನ ರೊಟ್ಟಿ ಬಡಿಯದೆ ಕೂತ ಸುಖವೋ, ನಾನರಿಯೆ. ಸಣ್ಣವ್ವನ ಕೆಲಸ ಹತ್ತೇ ನಿಮಿಷಕ್ಕೆ ಮುಗಿಯತೊಡಗಿತು.

"ಇಷ್ಟ ಲಗೂ ಹೊಂಟ್ಯಾ?" ಎಂದು ರಹಿಮತಬಿ ಮುಖ ಸಣ್ಣದು ಮಾಡಿದಳು. ಮನೆಯಲ್ಲಿ ಹೊನ್ನವ್ವ ಉಳಿದ ಐವತ್ತು ನಿಮಿಷಕ್ಕೆ ಮೆಣಸಿನಕಾಯಿ ಹಿಂಡಿ ಕುಟ್ಟುವುದು, ದನದ ಕೊಟ್ಟಿಗೆ ಬಳಿಯುವುದು ಎಲ್ಲ ಹಚ್ಚಿದಳು. ಇಂಥ ಆರೋಗ್ಯಕ್ಕೆ ಬೆಂಕಿ ಬೀಳಲಿ! ಐದನೆಯ ದಿನ ಸಣ್ಣವ್ವ ಇಡೀ ತಾಸು ಕೂತು ಬಂದು, "ಮತ್ತ ಆಗವಲ್ದು" ಎಂದಳು.

ದೇವಪ್ಪ ಸಿಟ್ಟಿನಿಂದ ಅವಳನ್ನು ಮತ್ತೆ ಹುಬ್ಬಳ್ಳಿಗೆ ಕರೆದೊಯ್ದ. ಡಾಕ್ಟರ ಮುಖ ಬಾಡಿತು. ಅವರು ವಹಿಯಲ್ಲಿ 'ಫಲವಿಲ್ಲ' ಎಂದು ಬರೆಯಹೊರಟಾಗ ಅವಳಿಗೆ ಪಾಪ ಎನಿಸಿತು. ಗಂಡ ಹೊರಗೆ ಹೋದ ಸಮಯ ನೋಡಿ ಬಾಯಿಬಿಟ್ಟಳು.

"ಸುಳ್ಳ ಹೇಳೀನ್ರಿ ಸಾಹೇಬ್ರ. ದಿನಾ ಆಗತೈತಿ. ಆದ್ರ ಆ ಒಂದು ತಾಸು ಹೋದ್ರ ನಾ ಬದುಕಂಗಿಲ್ರಿ."

ಡಾಕ್ಟರು ವಹಿಯಲ್ಲಿ 'ಫಲ ಸಿಕ್ಕಿದೆ' ಎಂದು ಬರೆದರು. ಆಮೇಲೆ ದೇವಪ್ಪನನ್ನು ಕರೆದು, ದವಾಖಾನೆಯ ಶಿಕ್ಕಾ ಒತ್ತಿದ ಚೀಟಿ ಕೈಗಿಟ್ಟರು: ದಿನಾ ಬೆಳಿಗ್ಗೆ ಒಂದು ತಾಸು ಹೊರಗೆ ಕೂಡಬೇಕು, ಯಾರೂ ಅವಸರ ಮಾಡಬಾರದು.

ದೇವಪ್ಪ ಅದನ್ನು ಮನೆಯಲ್ಲಿ ಓದಿ ಹೇಳಿದ. ಓದು ಬಾರದ ಹೊನ್ನವ್ವ ಚೀಟಿಯನ್ನು ಇಸಕೊಂಡು ಶಿಕ್ಕಾದ ಮೇಲೆ ಬೆರಳಾಡಿಸಿದಳು.

"ಈ ಮನಿಗೆ ಬಂದು ಐವತ್ತು ವರ್ಷಾತು," ಎಂದಳು. "ನನಗ ಯಾರೂ ಇಂಥಾ ಚೀಟಿ ಬರದು ಕೊಡಲಿಲ್ಲ."

ಮರುದಿನ ನಸುಕಿನಲ್ಲಿ ಸಣ್ಣವ್ವ ಹೊರಟಾಗ ಹಿಂದೆ ಸಪ್ಪಳವಾಯಿತು. ಚರಿಗೆ ಹಿಡಿದು ಅತ್ತೆ ನಿಂತಿದ್ದಳು.

"ತಡೀ, ನಾನೂ ಬರತೇನಿ. ನನಗೂ ಹೊಟ್ಟಿ ಕಟ್ಟೇತಿ."

ಆ ದಿನ ಒಲೆ ಹಚ್ಚಿದವನು ದೇವಪ್ಪ.