ಅರ್ಧ ನಿಮಿಷ ಮುಂಚಿನ ಮಾತು

ಆ ಪುಟ್ಟ ವಿಮಾನ ನಿಲ್ದಾಣದಲ್ಲಿ ಕಂಟ್ರೋಲ್ ಟವರೂ ಇಲ್ಲ, ರಾಡಾರೂ ಇಲ್ಲ. ಇರುವುದು ಒಂದು ರನ್‌ವೇ, ಒಂದು ತಗಡಿನ ಕೋಣೆ, ಅದರೊಳಗೆ ರೇಡಿಯೋ ಅಕ್ಕ. ಹೆಸರಿಗೆ ಅಕ್ಕ, ಅಧಿಕಾರ ಮಾತ್ರ ಸೊನ್ನೆ! ಗಾಳಿ ಎಷ್ಟಿದೆ, ಸುತ್ತ ಯಾರು ಹಾರುತ್ತಿದ್ದಾರೆ ಎಂದಷ್ಟೇ ಆಕೆ ಹೇಳಬಹುದು. ಹೀಗೆ ತಿರುಗು, ಹಾಗೆ ಇಳಿ ಎಂದು ಅಪ್ಪಣೆ ಕೊಡುವಂತಿಲ್ಲ. ಹಾರುವವರೇ ತಾವು ಎಲ್ಲಿದ್ದೇವೆಂದು ರೇಡಿಯೋದಲ್ಲಿ ಕೂಗಬೇಕು, ಒಬ್ಬರನ್ನೊಬ್ಬರು ನೋಡಿ ದಾರಿ ಬಿಟ್ಟುಕೊಳ್ಳಬೇಕು.

ಅಕ್ಕನ ಅಣ್ಣ ಹೊಲಗಳಿಗೆ ಔಷಧ ಸಿಂಪಡಿಸುವ ವಿಮಾನದ ಪೈಲಟ್. ಅಪ್ಪ ತೀರಿಕೊಂಡ ಮೇಲೆ ತಂಗಿಯನ್ನು ಓದಿಸಿ ದಡ ಸೇರಿಸಿದವನು. ಬಂಗಾರದಂಥ ಮನುಷ್ಯ, ಆದರೆ ಬಾಯಿಗೆ ವಿಪರೀತ ಅವಸರ. "ರನ್‌ವೇಗೆ ನೇರ ಬಂದೆ, ಇಳೀತಿದ್ದೀನಿ" ಎನ್ನುವಾಗ ಅವನ ವಿಮಾನ ಇನ್ನೂ ಬಲಗಡೆಯ ದಿಬ್ಬದ ಮೇಲೇ ಇರುತ್ತಿತ್ತು. ಹೇಳಿದ ಜಾಗಕ್ಕೆ ಬರಲು ಮತ್ತೆ ಅರ್ಧ ನಿಮಿಷ ಬೇಕು. ಅಲ್ಲಿನ ಪೈಲಟ್‌ಗಳಿಗೆಲ್ಲ ಇದು ಗೊತ್ತು. "ನಿಮ್ಮಣ್ಣ ಬಂದೆ ಅಂದ್ರೆ ಈಗ ಹೊರಟೆ ಅಂತ ಅರ್ಥ, ಅಲ್ವಾ ಅಕ್ಕಾ?" ಎಂದು ಅವನ ಬೆನ್ನ ಹಿಂದೆ ನಗುತ್ತಿದ್ದರು, ಅಷ್ಟು ಹೊತ್ತು ಕಾಯುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ಹನ್ನೊಂದು ವರ್ಷ ಹೀಗೇ ನಡೆಯಿತು.

ಆ ವಾರ ಹೊಸದಾಗಿ ಬಂದವರು ಒಬ್ಬ ಹಲ್ಲಿನ ಡಾಕ್ಟರಮ್ಮ. ನಲವತ್ತು ದಾಟಿದ ಮೇಲೆ ಹಾರಾಟದ ಹುಚ್ಚು ಹಿಡಿಸಿಕೊಂಡು, ಬೇರೆ ಕಡೆ ಕಲಿತು, ಲೈಸೆನ್ಸ್ ಪಡೆದವರು. ಪಾಪ, ಅಣ್ಣನ ಅರ್ಧ ನಿಮಿಷದ ವಿಷಯ ಅವರಿಗೆ ಯಾರು ಹೇಳಬೇಕು?

ಬೆಳಿಗ್ಗೆ ಹತ್ತರ ಸುಮಾರಿಗೆ ಅಣ್ಣನ ಧ್ವನಿ ಬಂತು: "ನೇರ ಬಂದೆ, ಇಳೀತಿದ್ದೀನಿ." ಎಡಗಡೆಯಿಂದ ಬರುತ್ತಿದ್ದ ಡಾಕ್ಟರಮ್ಮ ಇಳಿಯುವ ದಾರಿಯನ್ನು ನೋಡಿದರು. ಖಾಲಿ. ಆ ವಿಮಾನ ಆಗಲೇ ಇಳಿದಿರಬೇಕೆಂದುಕೊಂಡು ರನ್‌ವೇ ಕಡೆ ತಿರುಗಿದರು. ಬಲಗಡೆಯಿಂದ ಅಣ್ಣನೂ ಅದೇ ದಾರಿಗೆ ತಿರುಗಿದ. ಕಿಟಕಿಯಲ್ಲಿದ್ದ ಅಕ್ಕ ಮೈಕ್ ಎಳೆದುಕೊಂಡು ಕೂಗಿದಳು.

"ಡಾಕ್ಟ್ರೇ, ಅವನು ಇಳಿದಿಲ್ಲ! ನಿಮ್ಮ ಬಲಕ್ಕಿದಾನೆ, ನಿಮ್ಮಷ್ಟೇ ಎತ್ತರದಲ್ಲಿ!"

ಡಾಕ್ಟರಮ್ಮ ವಿಮಾನದ ಮೂತಿಯನ್ನು ಮೇಲಕ್ಕೆತ್ತಿದರು. ಅಣ್ಣ ಕೆಳಗಿನಿಂದ ಕೂದಲೆಳೆಯ ಅಂತರದಲ್ಲಿ ಹಾದುಹೋದ.

ಮಧ್ಯಾಹ್ನ ತನಿಖೆಯ ಕಚೇರಿಗೆ ವರದಿ ಬರೆಯಬೇಕಿತ್ತು. ಡಾಕ್ಟರಮ್ಮ ಬರೆದುಕೊಟ್ಟರು: 'ಮುಂದಿದ್ದ ವಿಮಾನವನ್ನು ನಾನು ಗಮನಿಸಲಿಲ್ಲ. ತಪ್ಪು ನನ್ನದು.' ಆಮೇಲೆ ಲೈಸೆನ್ಸನ್ನೂ ಅದರ ಮೇಲಿಟ್ಟರು. "ನಂಗಿದು ಆಗಿಬರಲ್ಲ ಬಿಡಿ. ಹಲ್ಲು ಕೀಳ್ಕೊಂಡೇ ಇರ್ತೀನಿ" ಎಂದರು.

ಆ ಕಾಗದವನ್ನು ಹಾಗೇ ಕಳಿಸಿದ್ದರೆ ಕಥೆ ಮುಗಿಯುತ್ತಿತ್ತು. ಅಣ್ಣನ ಹಾರಾಟ ಉಳಿಯುತ್ತಿತ್ತು, ಅಕ್ಕನ ಕೆಲಸವೂ ಉಳಿಯುತ್ತಿತ್ತು. ಅಕ್ಕ ಆ ಹೆಂಗಸಿನ ಮುಖ ನೋಡಿದಳು. ತನ್ನ ಬಗ್ಗೆಯೇ ಅವಳಿಗೆ ಹೇಸಿಗೆಯಾಯಿತು. ಲೈಸೆನ್ಸನ್ನು ಅವರ ಕೈಗೇ ತುರುಕಿ, ಹೊಸ ಹಾಳೆ ಎಳೆದುಕೊಂಡು ಬರೆದಳು: ಅಣ್ಣ ಪ್ರತಿಸಲವೂ ಮುಂಚೆಯೇ ಹೇಳುತ್ತಾನೆ, ಇದು ಹನ್ನೊಂದು ವರ್ಷದಿಂದ ನನಗೆ ಗೊತ್ತು, ಡಾಕ್ಟರು ಅವನ ಮಾತನ್ನು ನಂಬಿದರು, ಅಷ್ಟೇ.

ಸಂಜೆ ಅಣ್ಣ ಬಂದು ಅದನ್ನು ಓದಿದ. ಮತ್ತೊಮ್ಮೆ ಓದಿದ. ಈಗ ಬೈಯುತ್ತಾನೆ ಎಂದು ಅಕ್ಕ ಎದೆ ಗಟ್ಟಿಮಾಡಿಕೊಂಡಳು.

"ನಾನು ಮುಂಚೆ ಹೇಳ್ತೀನಾ?" ಎಂದ ಅವನು. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. "ಎಲ್ರಿಗೂ ಗೊತ್ತಿತ್ತಾ?"

"ಹೂಂ."

"ಮತ್ತೆ ನಂಗ್ಯಾಕೆ ಯಾರೂ ಹೇಳ್ಲಿಲ್ಲ? ನೀನಾದ್ರೂ?"

"ನಿಂಗೆ ಬೇಜಾರಾಗುತ್ತೆ ಅಂತ..."

"ಬೇಜಾರಾ? ಒಂದು ಜೀವ ತೆಗೀತಿದ್ನಲ್ಲೇ ನಾನು!" ಎಂದು ಅಣ್ಣ ಹಾಳೆಯನ್ನು ಹಿಡಿದುಕೊಂಡೇ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತ.