ನನಗೆ ಬಾರದ ಡಚ್ ಬೈಗುಳ

ನನಗೆ ಡಚ್ ಭಾಷೆಯಲ್ಲಿ ಬೈಯಲು ಬರುವುದಿಲ್ಲ. ಬ್ರೆಡ್ಡನ್ನು ಹೋಳು ಮಾಡಿಕೊಡಿ ಎನ್ನಲು ಬರುತ್ತದೆ, ರೈಲು ಎಷ್ಟು ತಡ ಎಂದು ಕೇಳಲು ಬರುತ್ತದೆ, ಮೊಬೈಲ್ ಆ್ಯಪ್ ಕಲಿಸಿದ ಪುಣ್ಯದಿಂದ ‘ಆಮೆ ಎಲೆಕೋಸು ತಿನ್ನುತ್ತದೆ’ ಎಂದು ನಿರರ್ಗಳವಾಗಿ ಹೇಳಲೂ ಬರುತ್ತದೆ. ಆದರೆ ಆರು ವರ್ಷದ ಮಗಳು ಹೊಸ ಸೋಫಾದ ಮೇಲೆ ಸ್ಕೆಚ್ ಪೆನ್ನಿನಿಂದ ಚಿತ್ರ ಬರೆದಾಗ ಆಮೆಯನ್ನೂ ಎಲೆಕೋಸನ್ನೂ ಇಟ್ಟುಕೊಂಡು ಏನು ಮಾಡುವುದು? ‘ಇದು ಒಳ್ಳೆಯದಲ್ಲ’ ಎಂದೆ, ಡಚ್ಚಿನಲ್ಲಿ. ಅವಳು ಹವಾಮಾನ ವರದಿ ಕೇಳಿದವಳ ಹಾಗೆ ತಲೆಯಾಡಿಸಿ ಚಿತ್ರ ಮುಂದುವರಿಸಿದಳು.

ಇಷ್ಟಕ್ಕೂ ಮನೆಯೊಳಗೆ ಡಚ್ಚಿನಲ್ಲಿ ಬೈಯುವ ದುರ್ಗತಿ ನನಗೇಕೆ ಬಂತು ಎಂದು ಕೇಳುತ್ತೀರಿ. ಹೇಳುತ್ತೇನೆ, ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಅದು ಶಾಲೆಗಳೆಲ್ಲ ಮುಚ್ಚಿ ಪಾಠವೆಲ್ಲ ಪರದೆಯ ಮೇಲೆ ನಡೆಯುತ್ತಿದ್ದ ಕಾಲ. ಡಚ್ಚರ ನಾಡಿನ ಹೂಫ್‌ಡಾರ್ಪ್ ಎಂಬ ಊರಿನ ನಮ್ಮ ಪುಟ್ಟ ಮನೆಯಲ್ಲಿ ಊಟದ ಮೇಜಿನ ಒಂದು ತುದಿ ಗಂಡ ಶ್ರೀಧರನ ಆಫೀಸು, ಇನ್ನೊಂದು ತುದಿ ಮಗಳು ಇಂಚರಳ ಶಾಲೆ. ನನ್ನ ಆಫೀಸು ಇಸ್ತ್ರಿ ಮೇಜಿನ ಮೇಲೆ. ಇಂಚರಳ ಟೀಚರಿಗೆ, ಅಂದರೆ ಇಲ್ಲಿನ ಮಕ್ಕಳು ‘ಯುಫ್’ ಎಂದು ಕರೆಯುವ ಅವಳ ಮಿಸ್ಸಿಗೆ, ಅಷ್ಟು ದಿನ ನಮ್ಮ ಮನೆ ಕಂಡಿರಲಿಲ್ಲ. ಈಗ ಕಂಡಿತು, ಕೇಳಿಸಿತು ಕೂಡ. ಲೆಕ್ಕ ತಿಳಿಯದೆ ಮಗಳು ಪೆನ್ಸಿಲ್ ಕಚ್ಚುತ್ತಿದ್ದಾಗ ನಾನು ಪಕ್ಕದಿಂದ ಕನ್ನಡದಲ್ಲಿ ಪಿಸುಗುಟ್ಟುವುದು ಅವರ ಕಿವಿಗೆ ಬಿದ್ದಿತ್ತು. ಪಾಲಕರೊಂದಿಗಿನ ಮಾತುಕತೆಯಲ್ಲಿ, ಅದೂ ಪರದೆಯ ಮೇಲೆಯೇ, ಅವರು ನಗುನಗುತ್ತ ಹೇಳಿದರು: ಇಂಚರ ಭಾಷೆಯಲ್ಲಿ ಹಿಂದೆ ಬಿದ್ದಿದ್ದಾಳೆ, ತರಗತಿಯಲ್ಲಿ ಬಾಯೇ ಬಿಡುವುದಿಲ್ಲ, ಆದ್ದರಿಂದ ದಯವಿಟ್ಟು ಮನೆಯಲ್ಲಿಯೂ ಡಚ್ಚನ್ನೇ ಮಾತಾಡಿ. ಇದನ್ನು ಹೇಳಿದ್ದು ಇಂಗ್ಲಿಷಿನಲ್ಲಿ, ನಮ್ಮ ಡಚ್ಚಿನ ಮೇಲೆ ಅವರಿಗಿದ್ದ ನಂಬಿಕೆ ಅಷ್ಟು.

ಇಲ್ಲಿಯ ಜನ ಸಲಹೆ ಕೊಡುವುದೇ ಎದುರಿನವರು ವಾದಿಸಲಿ ಎಂದು. ಪಕ್ಕದ ಮನೆಯ ಡಚ್ ದಂಪತಿಗಳು ಮಗನ ಹೋಮ್‌ವರ್ಕ್ ಜಾಸ್ತಿಯಾಯಿತೆಂದು ಇದೇ ಯುಫ್ ಜೊತೆ ಜಗಳವಾಡಿ, ಕಡಿಮೆ ಮಾಡಿಸಿಕೊಂಡು, ಆಮೇಲೆ ಒಟ್ಟಿಗೆ ಕಾಫಿ ಕುಡಿದವರು. ನಾವು ಹಾಗಲ್ಲ. ‘ಮಿಸ್ ಹೇಳಿದ್ದಾರೆ’ ಎಂಬ ಎರಡು ಪದ ಕೇಳಿದರೆ ನಮ್ಮ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಬ್ಯಾಂಕಿನ ಕಂಪ್ಯೂಟರುಗಳನ್ನು ಸಂಭಾಳಿಸುವ ನನ್ನ ಗಂಡ ಪರದೆಯ ಮುಂದೆ ಕೈಕಟ್ಟಿ ಕೂತು “ಯಸ್ ಮಿಸ್, ಶ್ಯೂರ್ ಮಿಸ್” ಎಂದ. ಅವರು ಒಂದು ಮಾತು ಹೇಳಿದರೆ ಇವನು ಹತ್ತು ಪಾಲಿಸುವವನು. ಅಂದಿನಿಂದ ನಮ್ಮ ಮನೆಯಲ್ಲಿ ಕನ್ನಡ ಬಂದ್.

“ನಮ್ಮ ಡಚ್ ಕೇಳಿದ್ರೆ ಅವಳ ಡಚ್ಚೂ ಹಾಳಾಗುತ್ತೆ ಕಣೋ” ಎಂದೆ.

“ಟೀಚರ್‌ಗಿಂತ ನಿಂಗೆ ಜಾಸ್ತಿ ಗೊತ್ತಾ? ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೋ” ಎಂದ.

ನನಗೆ ಹೊಟ್ಟೆ ಉರಿದದ್ದಕ್ಕೆ ಹಳೆಯ ಕಾರಣವೂ ಇದೆ. ಮೈಸೂರಿನಲ್ಲಿ ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಮಾತಾಡಿದವರ ಹೆಸರನ್ನು ಮಾನಿಟರ್ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಬಿದ್ದು ಮೊಣಕಾಲು ತರಚಿ “ಅಯ್ಯೋ ಅಮ್ಮಾ” ಎಂದದ್ದಕ್ಕೂ ನನ್ನ ಹೆಸರು ಬೋರ್ಡು ಹತ್ತಿತ್ತು. ಕನ್ನಡನಾಡಿನ ಮಧ್ಯದಲ್ಲಿ ಕನ್ನಡಕ್ಕೆ ಶಿಕ್ಷೆ ತಿಂದವಳು ಏಳು ಸಮುದ್ರ ದಾಟಿ ಬಂದರೆ ಇಲ್ಲಿಯೂ ಅದೇ ಬೋರ್ಡು, ಈ ಸಲ ನನ್ನ ಅಡುಗೆಮನೆಯಲ್ಲಿ! ಆ ಮಾನಿಟರ್ ನನ್ನನ್ನು ಹುಡುಕಿಕೊಂಡು ಬಂದು ನನ್ನ ಗಂಡನ ವೇಷದಲ್ಲಿ ಕೂತಿದ್ದಾಳೆ ಎನಿಸುತ್ತಿತ್ತು.

ಇನ್ನೂ ಕೇಳಿ. ಇಂಚರಳ ತರಗತಿಯಲ್ಲಿಯೇ ಒಬ್ಬ ಇಂಗ್ಲಿಷ್ ಹುಡುಗನಿದ್ದಾನೆ. ಅವನ ಮನೆಯಲ್ಲಿ ಡಚ್ಚಿನ ಗಾಳಿಯೂ ಬೀಸುವುದಿಲ್ಲ. ಅವನ ತಾಯಿಗೆ ಇದೇ ಯುಫ್ ಹೇಳಿದ್ದು, “ಮನೆಯ ಭಾಷೆ ಬಿಡಬೇಡಿ, ಎರಡು ಭಾಷೆ ಬರುವ ಮಗು ಅದೃಷ್ಟವಂತ.” ಅವನು ಬಾಯಿ ಬಿಡದಿದ್ದರೆ ನಾಚಿಕೆ ಸ್ವಭಾವ, ನನ್ನ ಮಗಳು ಬಾಯಿ ಬಿಡದಿದ್ದರೆ ಕನ್ನಡದ ತಪ್ಪು. ಟರ್ಕಿಶ್ ಮಾತಾಡುವ ಹುಡುಗಿಯ ತಾಯಿಗೂ ನಮಗೆ ಹೇಳಿದ್ದನ್ನೇ ಹೇಳಿದ್ದಾರೆ. ಹಾಗಾದರೆ ಭಾಷೆಗಳಲ್ಲಿಯೂ ಬಿಸಿನೆಸ್ ಕ್ಲಾಸ್, ಎಕಾನಮಿ ಕ್ಲಾಸ್ ಇದೆಯೇ? ಕೋಟಿಗಟ್ಟಲೆ ಜನ ಆಡುವ ಭಾಷೆ, ಈ ದೇಶದ ಹೆಸರೇ ಇಲ್ಲದ ಕಾಲದಲ್ಲಿ ಕಲ್ಲಿನ ಮೇಲೆ ಶಾಸನ ಬರೆಸಿಕೊಂಡ ಭಾಷೆ, ನನ್ನ ಮಗಳ ಬಾಯಿಗೆ ಬಂದಾಗ ಮಾತ್ರ ರೋಗವಾಗುತ್ತದೆಯೇ? ಇದನ್ನೆಲ್ಲ ನಾನು ಪಾತ್ರೆ ತೊಳೆಯುತ್ತ ಸಿಂಕಿಗೆ ಕೇಳಿದೆ. ಸಿಂಕು ಕಟ್ಟಿಕೊಂಡಿತು.

ಮನೆ ಮೌನವಾಯಿತು. ಊಟಕ್ಕೆ ಕೂತರೆ ‘ಅನ್ನ ಬೇಕಾ’, ‘ಬೇಕು’, ‘ಸಾಕಾ’, ‘ಸಾಕು’. ನಮ್ಮಿಬ್ಬರ ಡಚ್ಚು ಅಲ್ಲಿಗೆ ಮುಗಿಯಿತು. ಮುದ್ದು ಮಾಡಲು ಪದವಿಲ್ಲ, ರೇಗಿಸಲು ಪದವಿಲ್ಲ. ‘ತರಲೆ’, ‘ಕೋತಿಮರಿ’, ‘ನನ್ನ ಬಂಗಾರ’ ಎಲ್ಲವನ್ನೂ ನುಂಗಿಕೊಂಡು ನಾನು ನನ್ನ ಮಗಳಿಗೆ ಬಸ್ಸಿನ ಅನೌನ್ಸ್‌ಮೆಂಟಿನ ಹಾಗೆ ಕೇಳಿಸತೊಡಗಿದೆ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬಿದ್ದದ್ದು ಮೈಸೂರಿನಲ್ಲಿ ಅಕ್ಕನ ಜೊತೆಗಿರುವ ನನ್ನ ಅಮ್ಮನಿಗೆ. ಲಾಕ್‌ಡೌನ್ ಶುರುವಾದಾಗಿನಿಂದ ಅವರು ದಿನಾ ವಿಡಿಯೊ ಕಾಲಿನಲ್ಲಿ ಮೊಮ್ಮಗಳಿಗೆ ಒಂದೇ ಕಥೆಯನ್ನು ಕಂತುಕಂತಾಗಿ ಕಟ್ಟಿ ಹೇಳುತ್ತಿದ್ದರು. ಒಬ್ಬ ಕಳ್ಳ ಆಸೆಪಟ್ಟು ಆನೆ ಕದಿಯುತ್ತಾನೆ, ಕದ್ದ ಮೇಲೆ ಬಚ್ಚಿಡಲು ಜಾಗ ಸಿಗದೆ ಊರೂರು ಅಲೆಯುತ್ತಾನೆ. ಇಂಚರ ಫೋನಿನೊಳಕ್ಕೇ ನುಗ್ಗುವ ಹಾಗೆ ಕೂತು ಕೇಳುತ್ತಿದ್ದಳು. ಕನ್ನಡ ಬಂದ್ ಆದ ಮೇಲೆ ಅಜ್ಜಿ ಏನು ಕೇಳಿದರೂ ಡಚ್ಚಿನ ಹೌದು-ಇಲ್ಲಗಳಾದ “ಯಾ”, “ನೇ” ಎಂದು ಅಪ್ಪನ ಮುಖ ನೋಡುವಳು. ಒಂದು ದಿನ ಅಮ್ಮ ನನಗೊಬ್ಬಳಿಗೇ ಫೋನು ಮಾಡಿದರು.

“ಮಗುಗೆ ನನ್ ಮೇಲೆ ಕೋಪಾನೇನೇ? ನಾನೇನಾದ್ರೂ ಅಂದ್ನಾ?”

ಶಾಲೆಯ ವಿಷಯ ಹೇಳಿದೆ. ಅಮ್ಮ, “ಹೌದಾ, ಮಿಸ್ ಹೇಳಿದ್ರೆ ಸರಿಯೇ ಬಿಡು. ನಾನು ಇನ್ಮೇಲೆ ಫೋನ್ ಮಾಡಲ್ಲ, ಅವಳ ಓದು ಕೆಡೋದು ಬೇಡ” ಎಂದರು.

ನನಗೆ ತಡೆಯಲಾಗಲಿಲ್ಲ. ಮೀಟಿಂಗಿನಲ್ಲಿದ್ದ ಶ್ರೀಧರನ ಲ್ಯಾಪ್‌ಟಾಪನ್ನು ರಪ್ಪನೆ ಮುಚ್ಚಿದೆ.

“ನಮ್ಮಮ್ಮ ಮೊಮ್ಮಗಳ ಹತ್ರ ಮಾತಾಡೋದು ಬಿಡ್ತಾರಂತೆ. ನಿನ್ ಮಿಸ್‌ಗೆ ಇನ್ನೇನ್ ಬೇಕಂತೆ ಕೇಳು!”

ಅಷ್ಟು ದಿನ ಕೂಡಿಟ್ಟದ್ದೆಲ್ಲ ಹೊರಬಂತು, ಅಪ್ಪಟ ಮೈಸೂರು ಕನ್ನಡದಲ್ಲಿ. ಶ್ರೀಧರ ಮುಚ್ಚಿದ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ ಕೇಳಿಸಿಕೊಂಡ. ಕುರ್ಚಿಯ ಮೇಲೆ ಕೂತಿದ್ದ ಇಂಚರ ನನ್ನನ್ನು ಬಹಳ ದಿನಗಳ ಮೇಲೆ ಊರಿಂದ ಬಂದವಳ ಹಾಗೆ ನೋಡಿದಳು. ಆಮೇಲೆ ಫೋನು ಕೈಗೆತ್ತಿಕೊಂಡು, “ಅಜ್ಜಿಗೆ ಕಾಲ್ ಮಾಡು. ಆನೇನ ಎಲ್ಲಿ ಬಚ್ಚಿಟ್ಟ ಕೇಳ್ಬೇಕು” ಎಂದಳು.

ಬಚ್ಚಿಟ್ಟ ಜಾಗ ಇನ್ನೂ ಗೊತ್ತಾಗಿಲ್ಲ, ಅಮ್ಮ ಅಷ್ಟು ಸುಲಭಕ್ಕೆ ಬಿಟ್ಟುಕೊಡುವವರಲ್ಲ. ಆದರೆ ಅಂದಿನಿಂದ ಡಚ್ ಬಂದ್, ಮನೆಯಲ್ಲಿ ಮತ್ತೆ ಕನ್ನಡದ ಗದ್ದಲ ಶುರುವಾಯಿತು. ಶಾಲೆ ತೆರೆದಾಗ ಇಂಚರಳ ಹೊಟ್ಟೆಯಲ್ಲಿ ಹೇಳದೆ ಇರಲಾಗದ ಒಂದು ಕಥೆಯಿತ್ತು, ಕೇಳಿಸಿಕೊಳ್ಳಲು ಒಂದು ತರಗತಿ ತುಂಬ ಮಕ್ಕಳಿದ್ದರು. ಅವರಿಗೆ ಕನ್ನಡ ಬಾರದು ಎಂಬ ಒಂದೇ ಕಾರಣಕ್ಕೆ ಅವಳು ಡಚ್ ಕಲಿತಳು. ಕಲಿತಳು ಎಂದರೆ, ಸಿಕ್ಕ ಸಿಕ್ಕ ಪದವನ್ನು ದೋಚಿಕೊಂಡು ಬಂದಳು, ಕಥೆಯ ಕಳ್ಳನಿಗೂ ಅಷ್ಟು ಆತುರವಿರಲಿಲ್ಲ.

ಒಂದು ಮಧ್ಯಾಹ್ನ ಅವಳನ್ನು ಕರೆತರಲು ಹೋಗಿದ್ದೆವು. ಪಾಲಕರಿಗೆ ಶಾಲೆಯೊಳಗೆ ಪ್ರವೇಶವಿಲ್ಲದ್ದರಿಂದ ಗೇಟಿನ ಆಚೆ ಯುಫ್, ಈಚೆ ನಾವು. ಅವರ ಮುಖ ಅರಳಿತ್ತು. “ಈಗ ಇಂಚರಳ ಡಚ್ ಕೇಳಬೇಕು ನೀವು! ಬಾಯಿ ಮುಚ್ಚಿಸುವುದೇ ಕಷ್ಟ. ಮನೆಯಲ್ಲಿ ಡಚ್ ಮಾತಾಡಿ ಎಂದು ನಾನು ಹೇಳಿದ್ದು ಎಷ್ಟು ಒಳ್ಳೆಯದಾಯಿತು ನೋಡಿ” ಎಂದರು, ಇಂಗ್ಲಿಷಿನಲ್ಲಿ.

ಶ್ರೀಧರ “ಯಸ್ ಮಿಸ್” ಎನ್ನಲು ಬಾಯಿ ತೆರೆದೇಬಿಟ್ಟಿದ್ದ. ಅಷ್ಟರಲ್ಲಿ ಇಂಚರ ನಡುವೆ ಬಂದು, ನಾನು ಏಳು ಜನ್ಮವೆತ್ತಿದರೂ ಬಾರದಷ್ಟು ಚೆನ್ನಾದ ಡಚ್ಚಿನಲ್ಲಿ ಹೇಳಿದಳು: “ಇಲ್ಲ ಯುಫ್, ನಮ್ಮನೇಲಿ ಡಚ್ ಮಾತಾಡೋ ಹಾಗಿಲ್ಲ. ನಮ್ಮಮ್ಮಂಗೆ ಡಚ್ಚಲ್ಲಿ ಬೈಯೋಕೂ ಬರಲ್ಲ.”

ಯುಫ್ ನನ್ನತ್ತ ತಿರುಗಿ, “ಹೌದೇ?” ಎಂದರು.

“ಹೌದು” ಎಂದೆ, ನಿಧಾನವಾಗಿ, ಒಂದೊಂದೇ ಡಚ್ ಪದ ಜೋಡಿಸಿ. “ಆದರೆ ಕಲಿಯುತ್ತಿದ್ದೇನೆ. ನಿಮಗೋಸ್ಕರ.”