ಗಂಗೆಯ ಒಂದು ಸಾಲು

ಅಂಕೋಲೆಯ ಹೊರಗೇರಿಯಲ್ಲಿ ಬೆಳಕು ಹರಿಯುವ ಮೊದಲೇ ಒನಕೆಯ ಸದ್ದು. ನೆನೆಸಿದ ಭತ್ತವನ್ನು ಹುರಿದು, ಬಿಸಿಯಿರುವಾಗಲೇ ಒರಳಿಗೆ ಸುರಿದು ಗಂಗೆ ಅವಲಕ್ಕಿ ಕುಟ್ಟುತ್ತಿದ್ದಾರೆ. ಇದು ಇಬ್ಬರ ಕೆಲಸ. ಒಂದು ಒನಕೆ ಏಳುವಾಗ ಇನ್ನೊಂದು ಬೀಳಬೇಕು. ಒಬ್ಬರೇ ಕುಟ್ಟಿದರೆ ಅರ್ಧಕ್ಕೇ ಭತ್ತ ಆರಿ, ಅವಲಕ್ಕಿ ನುಚ್ಚಾಗುತ್ತದೆ.

"ಮೊದ್ಲು ಅವರೇ ಇನ್ನೊಂದು ಒನಕೆ ಹಿಡೀತಿದ್ರು" ಎನ್ನುತ್ತಾರೆ ಗಂಗೆ. "ಗಂಡ್ಸು ಅವಲಕ್ಕಿ ಕುಟ್ಟೂದು ಕಂಡು ಕೇರಿಯವ್ರೆಲ್ಲ ನಗಾಡ್ತಿದ್ರು. ಮೀಸೆ ತುಂಬ ತೌಡು."

ಅವರು ಎಂದರೆ ಗಂಗೆಯ ಗಂಡ ಜಟ್ಟ ನಾಯಕರು, ಬ್ರಿಟಿಷರಿಗೆ ತೆರಿಗೆ ಕಟ್ಟೆವೆಂದ ಕರನಿರಾಕರಣೆಯ ಮುಂದಾಳು. ಇಲ್ಲಿಯವರ ಬಾಯಲ್ಲಿ ಅದು ಲಡಾಯಿ. ನಾಯಕರು ಜೈಲು ಸೇರಿ ಹದಿನಾಲ್ಕು ತಿಂಗಳಾಯಿತು. ಗದ್ದೆ, ಮನೆ, ಎಮ್ಮೆ ಎಲ್ಲ ಜಪ್ತಿ. ಗಂಗೆ ಈಗ ನೆಂಟರ ಕೊಟ್ಟಿಗೆಯ ಒಂದು ಮಗ್ಗುಲಲ್ಲಿದ್ದುಕೊಂಡು, ಕೇರಿಯವರ ಭತ್ತವನ್ನು ದಿನಕ್ಕೆ ಎಂಟು ಒರಳು ಕುಟ್ಟುತ್ತಾರೆ. ಪಾಲಿಗೆ ಬಂದ ಅವಲಕ್ಕಿಯೇ ಕೂಲಿ.

ಜೊತೆಗೆ ಹೆಂಗಸರು ಸಿಗುವುದಿಲ್ಲವೇ?

"ಬತ್ತಾರೆ, ಒನಕೆನೂ ಹಿಡೀತಾರೆ. ಆದ್ರೆ ನನ್ನ ಕಂಡ ಕೂಡ್ಲೇ ಎದ್ದು ನಿಲ್ತಾರೆ, ಕೈ ಮುಗೀತಾರೆ. ಕಾಮಿ ನನ್ನ ಜಡೆ ಎಳ್ದು ಆಡಿದವ್ಳು, ಈಗ ಅವ್ಳೂ 'ಅಮ್ಮ' ಹೇಳ್ತಾಳೆ. ಕೈ ಮುಗ್ದವ್ಳ ಹತ್ರ ಎಂತ ಮಾತಾಡೂದು?"

ನಾಯಕರನ್ನು ಹಿಡಿದೊಯ್ದಾಗ ಗಂಗೆ ಕಾರವಾರದ ತನಕ ನಡೆದೇ ಹೋಗಿದ್ದರು. ಹಾರ ಹಿಡಿದ ಜನರ ಹಿಂದೆ ಸಿಕ್ಕಿ, ಕಂಡದ್ದು ಬರೀ ನಾಯಕರ ಟೋಪಿ. ಜೈಲಿನಿಂದ ಅಪರೂಪಕ್ಕೊಮ್ಮೆ ಬರುವ ನಾಯಕರ ಕಾಗದವೂ ಜನರದೇ ಸೊತ್ತು. ಶಾಲೆಯ ಜಗಲಿಯಲ್ಲಿ ಪುಂಡಲೀಕ ಮಾಸ್ತರರು ಗಟ್ಟಿಯಾಗಿ ಓದುತ್ತಾರೆ, ಜನ ಜೈ ಎನ್ನುತ್ತಾರೆ. "ಹೋದ ಸಲ ನನ್ನ ಹೆಸ್ರೂ ಬಂತು" ಎಂದು ಗಂಗೆ ನಗುತ್ತಾರೆ. "ಎಮ್ಮೆ ವಿಚಾರ್ಸಿ ಆದ್ಮೇಲೆ."

ಇಂದು ಉತ್ತರ ಬರೆಸುವ ದಿನ. ಗಂಗೆಗೆ ಓದುಬರಹ ಬಾರದು. ಇಷ್ಟು ದಿನ ಮಾಸ್ತರರೇ 'ಎಲ್ಲ ಕ್ಷೇಮ, ಧೈರ್ಯದಿಂದಿರುವೆ' ಎಂದು ಬರೆದು ಮುಗಿಸುತ್ತಿದ್ದರು. ಈ ಸಲ ತನ್ನದೇ ಒಂದು ಸಾಲು ಹೋಗಬೇಕೆಂದು ಗಂಗೆ ಹಟ ಹಿಡಿದಿದ್ದಾರೆ.

ಬಿಸಿಲೇರುವ ಹೊತ್ತಿಗೆ ಮಾಸ್ತರರು ಕಾರ್ಡು ತಂದು ಮಣೆಯ ಮೇಲೆ ಕೂರುತ್ತಾರೆ.

"ಹೇಳು ಗಂಗಕ್ಕ."

"ನಂಗೆ ಒಬ್ಳಿಗೇ ಬೇಜಾರ ಬತ್ತದೆ ಹೇಳಿ ಬರೀರಿ."

ಮಾಸ್ತರರ ಕೈ ನಿಲ್ಲುತ್ತದೆ. "ಕಾಗದ ಮೊದ್ಲು ಜೈಲಿನವ್ರು ಓದ್ತಾರೆ ಮಾರಾಯ್ತಿ. ಮುಂದಾಳಿನ ಹೆಂಡ್ತಿ ಸೋತ್ಲು ಹೇಳಿ ನಗಾಡ್ತಾರೆ. ನಾಯಕರ ಮನಸ್ಸೂ ಕೆಡ್ತದೆ."

"ಸೋತೆ ಅಂದ್ನಾ ನಾನು? ಬೇಜಾರ ಅಂದೆ. ತೆರಿಗೆ ಕಟ್ಟಿ ಹೇಳಿ ಬರ್ಸಿದ್ನಾ?"

"ಹಂಗಲ್ಲ..."

"ಹಂಗಾರೆ ಬರೀರಿ. ಇಲ್ದಿದ್ರೆ ಕಾರ್ಡು ಇಲ್ಲಿ ಕೊಡಿ, ಖಾಲಿನೇ ಹಾಕ್ತೆ. ಸುಳ್ಳು ಹೋಗೂದು ಬ್ಯಾಡ."

ಮಾಸ್ತರರು ಬರೆಯುತ್ತಾರೆ, ಬರೆದದ್ದನ್ನು ಓದಿ ಹೇಳುತ್ತಾರೆ. ಇನ್ನೇನಾದರೂ ಸೇರಿಸಲೇ ಎಂದು ಕೇಳಿದರೆ ಗಂಗೆ ಬೇಡವೆಂದು ತಲೆಯಾಡಿಸುತ್ತಾರೆ.

"ಸಾಕು. ಅಲ್ಲಿ ಹತ್ತು ಜನರ ಮುಂದೆ ಓದಿದ್ರೂ ಓದ್ಲಿ. ಅದು ನನ್ನ ಮಾತು ಹೇಳಿ ಅವರಿಗೆ ಗುರ್ತು ಸಿಕ್ತದೆ."